ವಿಂಡೋಸ್ ಉಳಿಸಿಕೊಂಡೇ ಲಿನಕ್ಸ್ ಹಾಕಿಕೊಳ್ಳುವ ಬಗೆ: ಮನೆಯ ಕಂಪ್ಯೂಟರಿಗೆ ಸಮಗ್ರ ಮಾರ್ಗದರ್ಶಿ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನದೋ ಅದರ ನಂತರದ್ದೋ ಇರಬೇಕು. ಹೀಗಾಗಿ ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರ ಲ್ಯಾಪ್‌ಟಾಪಿನಿಂದ ಹಿಡಿದು ಹುಬ್ಬಳ್ಳಿಯ ವಿದ್ಯಾನಗರದ ಮನೆಗಳ ಹಳೆಯ ಡೆಸ್ಕ್‌ಟಾಪಿನವರೆಗೆ, ಯಂತ್ರಭಾಗಗಳೆಲ್ಲ ಗಟ್ಟಿಯಾಗಿದ್ದರೂ ಮುಂದಿನ ವಿಂಡೋಸಿಗೆ ಅರ್ಹವಲ್ಲದ ಕಂಪ್ಯೂಟರುಗಳು ಬಹಳ ಇವೆ. ವಿಂಡೋಸಿನಂತೆಯೇ ಕಂಪ್ಯೂಟರನ್ನು ನಡೆಸುವ, ಉಚಿತವಾಗಿ ಸಿಗುವ ಕಾರ್ಯಾಚರಣ ವ್ಯವಸ್ಥೆಯಾದ ಲಿನಕ್ಸ್ ಅವುಗಳಿಗೆ ನಿಜಕ್ಕೂ ಹೊಸ ಆಯುಸ್ಸು ಕೊಡುತ್ತದೆ.

ಆದರೆ ವಿಂಡೋಸನ್ನು ಪೂರ್ತಿ ಅಳಿಸಿಬಿಡುವುದು ನಮ್ಮ ಭಾಗದ ಹೆಚ್ಚಿನವರಿಗೆ ಆಗುವ ಮಾತಲ್ಲ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಲೆಕ್ಕವನ್ನು ಮನೆಯಲ್ಲಿ ಕುಳಿತು ಬರೆಯುವವರಿಗೆ ಟ್ಯಾಲಿ ಬೇಕು, ಮತ್ತು ಅದು ವಿಂಡೋಸಿಗಾಗಿಯೇ ಇರುವ ತಂತ್ರಾಂಶ. ಗದಗದ ಮುದ್ರಣಾಲಯಗಳಿಗೆ ಅಕ್ಷರ ಜೋಡಿಸಿಕೊಡುವವರ ಹಳೆಯ ಪೇಜ್‌ಮೇಕರ್ ಕಡತಗಳೆಲ್ಲ ನುಡಿ ಎಂಬ ಕನ್ನಡ ಬರಹದ ತಂತ್ರಾಂಶದ ಹಳೆಯ ಫಾಂಟುಗಳಲ್ಲಿವೆ. ಇಂಥ ಕೆಲಸಗಳಿಗೆ ವಿಂಡೋಸ್ ಇರಲಿ, ಓದು, ಬರಹ, ಅಂತರ್ಜಾಲ, ಪ್ರೋಗ್ರಾಮಿಂಗ್ ಕಲಿಕೆಗೆ ಲಿನಕ್ಸ್ ಇರಲಿ ಎಂದು ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳುವುದನ್ನು ಡ್ಯುಯಲ್ ಬೂಟ್ ಎನ್ನುತ್ತಾರೆ. ಕಂಪ್ಯೂಟರ್ ಆನ್ ಮಾಡಿದಾಗ ಯಾವುದು ಬೇಕೆಂದು ಅದೇ ಕೇಳುತ್ತದೆ.

ಅನುಸ್ಥಾಪನೆಯೆಂಬ ಕೆಲಸ ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವುದು ಅಪರೂಪ. ಜನ ತಮ್ಮ ಫೋಟೋ, ಪ್ರಬಂಧ, ಲೆಕ್ಕಪತ್ರಗಳನ್ನು ಕಳೆದುಕೊಳ್ಳುವುದು ಬಹುಪಾಲು ಅದಕ್ಕಿಂತ ಮೊದಲಿನ ಸಿದ್ಧತೆಯನ್ನು ಅವಸರದಲ್ಲಿ ಮಾಡುವುದರಿಂದ. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಸಿದ್ಧತೆಗೇ ಮೀಸಲಾಗಿದೆ.

ಯಾವ ಲಿನಕ್ಸ್ ಆಯ್ದುಕೊಳ್ಳಬೇಕು

ಲಿನಕ್ಸ್ ಹಲವು ರೂಪಗಳಲ್ಲಿ ಸಿಗುತ್ತದೆ. ಮೊದಲ ಬಾರಿ ಹಾಕಿಕೊಳ್ಳುವವರಿಗೆ ನನ್ನ ಸಲಹೆ ಲಿನಕ್ಸ್ ಮಿಂಟ್, ಅದರಲ್ಲೂ ಸಿನ್ನಮನ್ ಆವೃತ್ತಿ. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು ಇರುವ ಅದರ ವಿನ್ಯಾಸ ವಿಂಡೋಸ್ ಬಳಸಿದವರಿಗೆ ಕೂಡಲೇ ಅರ್ಥವಾಗುತ್ತದೆ. 2024ರಲ್ಲಿ ಬಂದ ಮಿಂಟ್ 22ರ ಸರಣಿಗೆ 2029ರವರೆಗೆ ಭದ್ರತಾ ಪರಿಷ್ಕರಣೆಗಳು ಬರುತ್ತವೆ. 2 ಜಿಬಿ ರ‍್ಯಾಮ್ ಕನಿಷ್ಠ ಎಂದು ಅದರ ತಯಾರಕರು ಹೇಳಿದ್ದರೂ ನೆಮ್ಮದಿಯ ಕೆಲಸಕ್ಕೆ 4 ಜಿಬಿ ಇರಲೇಬೇಕು. ರ‍್ಯಾಮ್ ಅಷ್ಟೇ ಇದ್ದು ಪ್ರೊಸೆಸರೂ ಹಳೆಯದಾಗಿದ್ದರೆ ಸಿನ್ನಮನ್ ಬದಲು ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ತೆಗೆದುಕೊಳ್ಳಿ. ಮಿಂಟ್‌ನ ತಳಹದಿಯಾದ ಉಬುಂಟು ಕೂಡ ಒಳ್ಳೆಯದೇ. ಅದರ ಅನುಸ್ಥಾಪನೆಯ ಪರದೆಗಳು ಬೇರೆಯಾಗಿ ಕಂಡರೂ ಇಲ್ಲಿ ಹೇಳುವ ಎಚ್ಚರಿಕೆಗಳೆಲ್ಲ ಅದಕ್ಕೂ ಅನ್ವಯಿಸುತ್ತವೆ.

ಮೊದಲು ನಿಮ್ಮ ಯಂತ್ರವನ್ನು ತಿಳಿದುಕೊಳ್ಳಿ

ವಿಂಡೋಸಿನ ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಂ ಇನ್ಫರ್ಮೇಶನ್ ಎಂದು ಹುಡುಕಿ ತೆರೆಯಿರಿ. ಬಲಬದಿಯ ಪಟ್ಟಿಯಲ್ಲಿ ಬಯಾಸ್ ಮೋಡ್ ಎಂಬ ಸಾಲಿನ ಮುಂದೆ ಯುಇಎಫ್‌ಐ ಎಂದಿದೆಯೋ ಲೆಗಸಿ ಎಂದಿದೆಯೋ ನೋಡಿ ಒಂದು ಕಾಗದದಲ್ಲಿ ಬರೆದಿಡಿ. ಬಯಾಸ್ ಎಂದರೆ ವಿಂಡೋಸಿಗಿಂತ ಮೊದಲು ಏಳುವ, ಯಂತ್ರದೊಳಗಿನ ಮೂಲ ತಂತ್ರಾಂಶ. ಯುಇಎಫ್‌ಐ ಅದರ ಹೊಸ ಬಗೆ, ಲೆಗಸಿ ಹಳೆಯದು. ಈಚಿನ ಯಂತ್ರಗಳೆಲ್ಲ ಬಹುತೇಕ ಯುಇಎಫ್‌ಐ. ಇದು ಮುಖ್ಯವೇಕೆಂದರೆ, ವಿಂಡೋಸ್ ಯಾವ ವಿಧಾನದಲ್ಲಿ ಏಳುತ್ತದೆಯೋ ಅದೇ ವಿಧಾನದಲ್ಲಿ ಲಿನಕ್ಸನ್ನೂ ಹಾಕಬೇಕು. ಒಂದು ಅದು, ಇನ್ನೊಂದು ಇದು ಆದರೆ ಎರಡೂ ಒಂದೇ ಮೆನುವಿನಲ್ಲಿ ಸೇರುವುದಿಲ್ಲ.

ಆಮೇಲೆ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಪೆಟ್ಟಿಗೆಯ ಮೇಲೆ 512 ಜಿಬಿ ಎಂದಿದ್ದ ಡಿಸ್ಕ್ ಅಲ್ಲಿ 476 ಜಿಬಿ ಎಂದು ತೋರುತ್ತದೆ. ಎಣಿಸುವ ರೀತಿ ಬೇರೆಯಾದ್ದರಿಂದ ಹಾಗೆ, ಜಾಗವೇನೂ ಕಳೆದುಹೋಗಿಲ್ಲ. ಎಡಗಡೆ ಸುಮಾರು 100ರಿಂದ 260 ಎಂಬಿಯ ಇಎಫ್‌ಐ ಸಿಸ್ಟಂ ಪಾರ್ಟಿಶನ್, ನಡುವೆ ದೊಡ್ಡದಾದ ಸಿ ಡ್ರೈವ್, ಕೊನೆಯಲ್ಲಿ ಕೆಲವು ನೂರು ಎಂಬಿಯ ರಿಕವರಿ ಪಾರ್ಟಿಶನ್ ಸಾಮಾನ್ಯವಾಗಿ ಕಾಣುತ್ತವೆ. ನಮ್ಮಲ್ಲಿ ಅಂಗಡಿಯವರು ಜೋಡಿಸಿಕೊಟ್ಟ ಡೆಸ್ಕ್‌ಟಾಪುಗಳಲ್ಲಿ ಡಿ, ಇ ಡ್ರೈವ್‌ಗಳೂ ಇರುವುದು ರೂಢಿ. ಈ ಚಿತ್ರವನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಅನುಸ್ಥಾಪನೆಯ ಹೊತ್ತಿಗೆ ಇದೇ ವಿಭಾಗಗಳು ಬೇರೆ ಹೆಸರುಗಳಲ್ಲಿ ಕಾಣುತ್ತವೆ, ಆಗ ಗಾತ್ರ ನೋಡಿಯೇ ಗುರುತಿಸಬೇಕಾಗುತ್ತದೆ.

ಕಡತಗಳ ಪ್ರತಿ ಮತ್ತು ಬಿಟ್‌ಲಾಕರ್ ಕೀ

ಬೇಕಾದ ಕಡತಗಳನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕಿಗೋ ದೊಡ್ಡ ಪೆನ್‌ಡ್ರೈವಿಗೋ ಪ್ರತಿ ಮಾಡಿಕೊಳ್ಳಿ. ಅದೇ ಡಿಸ್ಕಿನ ಡಿ ಡ್ರೈವಿಗೆ ಹಾಕಿದ್ದು ಪ್ರತಿಯಲ್ಲ, ಏಕೆಂದರೆ ಡಿಸ್ಕಿಗೆ ತೊಂದರೆಯಾದರೆ ಸಿ ಮತ್ತು ಡಿ ಎರಡೂ ಒಟ್ಟಿಗೇ ಹೋಗುತ್ತವೆ. ಪ್ರತಿ ಮಾಡಿದ ಮೇಲೆ ಎರಡು ಮೂರು ಕಡತಗಳನ್ನು ಹೊರಗಿನ ಡಿಸ್ಕಿನಿಂದಲೇ ತೆರೆದು ನೋಡಿ. ಟ್ಯಾಲಿ ಬಳಸುವವರು ಅದರೊಳಗಿನ ಬ್ಯಾಕಪ್ ಸೌಲಭ್ಯದಿಂದಲೂ ಒಂದು ಪ್ರತಿ ತೆಗೆಯಬೇಕು.

ಇನ್ನು ಬಿಟ್‌ಲಾಕರ್, ಅಂದರೆ ಕೀ ಇಲ್ಲದೆ ಯಾರೂ ಓದಲಾಗದಂತೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಸೌಲಭ್ಯ. ಈಚಿನ ಲ್ಯಾಪ್‌ಟಾಪುಗಳಲ್ಲಿ ಮಾಲೀಕರಿಗೆ ಗೊತ್ತಿಲ್ಲದೆಯೇ ಡಿಸ್ಕ್ ಗೂಢಲಿಪೀಕರಣಗೊಂಡಿರುವುದುಂಟು. ಹೋಮ್ ಆವೃತ್ತಿಯಲ್ಲಿ ಅದನ್ನು ಡಿವೈಸ್ ಎನ್‌ಕ್ರಿಪ್ಶನ್ ಎಂದು ಕರೆಯುತ್ತಾರೆ. ಬೂಟ್ ಆಗುವ ಕ್ರಮದಲ್ಲಿ ಬದಲಾವಣೆ ಕಂಡರೆ ವಿಂಡೋಸ್ ಏಳುವ ಮೊದಲು 48 ಅಂಕಿಗಳ ರಿಕವರಿ ಕೀ ಕೇಳಬಹುದು, ಅದು ಕೈಯಲ್ಲಿಲ್ಲದಿದ್ದರೆ ನಿಮ್ಮ ಕಡತಗಳು ನಿಮಗೇ ಸಿಗುವುದಿಲ್ಲ. ಸೆಟ್ಟಿಂಗ್ಸ್‌ನ ಪ್ರೈವಸಿ ಆಂಡ್ ಸೆಕ್ಯುರಿಟಿ ಭಾಗದಲ್ಲಿ (ವಿಂಡೋಸ್ 10 ಆದರೆ ಅಪ್‌ಡೇಟ್ ಆಂಡ್ ಸೆಕ್ಯುರಿಟಿಯಲ್ಲಿ) ಇದು ಆನ್ ಆಗಿದೆಯೇ ನೋಡಿ. ಆನ್ ಇದ್ದರೆ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ರಿಕವರಿ ಕೀಯನ್ನು ಕಾಗದದಲ್ಲಿ ಬರೆದುಕೊಂಡು, ಅಂಕಿಗಳನ್ನು ಇನ್ನೊಮ್ಮೆ ತಾಳೆ ನೋಡಿ. ಹೊಸಬರು ಗೂಢಲಿಪೀಕರಣವನ್ನು ಆಫ್ ಮಾಡಿ, ಡಿಸ್ಕ್ ಪೂರ್ತಿ ಬಿಡಿಸಿಕೊಳ್ಳುವವರೆಗೆ ಕಾದು ಆಮೇಲೆ ಮುಂದುವರಿಯುವುದು ಒಳ್ಳೆಯದು. ಇದಕ್ಕೆ ಕೆಲವು ಗಂಟೆಗಳು ಹಿಡಿದರೂ ಚಿಂತೆಯಿಲ್ಲ, ಈ ಹೆಜ್ಜೆಯನ್ನು ಮಾತ್ರ ಬಿಡಬೇಡಿ.

ಫಾಸ್ಟ್ ಸ್ಟಾರ್ಟಪ್ ಎಂಬುದನ್ನೂ ಇದೇ ಹೊತ್ತಿಗೆ ಆಫ್ ಮಾಡಬೇಕು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನಲ್ಲಿ ಪವರ್ ಬಟನ್ ಏನು ಮಾಡಬೇಕೆಂದು ಆಯ್ಕೆ ಮಾಡುವ ಕೊಂಡಿಯೊಳಗೆ ಅದು ಸಿಗುತ್ತದೆ. ಇದು ಆನ್ ಇರುವಾಗ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ದೆಯಲ್ಲಿರುತ್ತದೆ. ಅಂಥ ಸ್ಥಿತಿಯ ಸಿ ಡ್ರೈವನ್ನು ಲಿನಕ್ಸ್ ಓದುವುದಕ್ಕಷ್ಟೇ ತೆರೆಯುತ್ತದೆ, ಅದರ ಮೇಲೆ ಬರೆಯಲು ಬಿಡುವುದಿಲ್ಲ.

ವಿಂಡೋಸಿನ ಒಳಗಿಂದಲೇ ಜಾಗ ಬಿಡಿಸಿ

ಸಿ ಡ್ರೈವನ್ನು ಕುಗ್ಗಿಸುವ ಕೆಲಸವನ್ನು ಲಿನಕ್ಸ್ ಕೂಡ ಮಾಡಬಲ್ಲದು. ಆದರೂ ವಿಂಡೋಸಿನ ವಿಭಾಗವನ್ನು ವಿಂಡೋಸೇ ಕುಗ್ಗಿಸಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ತನ್ನ ಯಾವ ಕಡತವನ್ನು ಸರಿಸಬಹುದು, ಯಾವುದನ್ನು ಸರಿಸಬಾರದು ಎಂಬುದು ಅದಕ್ಕೇ ಚೆನ್ನಾಗಿ ಗೊತ್ತು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಮೇಲೆ ರೈಟ್ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್ ಆರಿಸಿದರೆ ಎಷ್ಟು ಎಂಬಿ ಕುಗ್ಗಿಸಬೇಕೆಂದು ಕೇಳುತ್ತದೆ. 1 ಜಿಬಿಗೆ 1024 ಎಂಬಿಯಾದ್ದರಿಂದ 50 ಜಿಬಿ ಬೇಕಾದರೆ 51200 ಎಂದು, 100 ಜಿಬಿ ಬೇಕಾದರೆ 102400 ಎಂದು ತುಂಬಬೇಕು. ಮಿಂಟ್ 20 ಜಿಬಿಯಲ್ಲಿ ಕುಳಿತುಕೊಳ್ಳುತ್ತದಾದರೂ ದಿನನಿತ್ಯದ ಬಳಕೆಗೆ 50 ಜಿಬಿಗಿಂತ ಕಡಿಮೆ ಕೊಡಬೇಡಿ. ವಿಂಡೋಸಿಗೂ ಉಸಿರಾಡಲು 30–40 ಜಿಬಿ ಖಾಲಿ ಉಳಿಯಲಿ.

ಸಿ ಡ್ರೈವಿನಲ್ಲಿ 200 ಜಿಬಿ ಖಾಲಿಯಿದ್ದರೂ ಕೆಲವೊಮ್ಮೆ 10 ಜಿಬಿ ಮಾತ್ರ ಕುಗ್ಗಿಸಬಹುದೆಂದು ವಿಂಡೋಸ್ ಹೇಳುವುದುಂಟು. ಹೈಬರ್ನೇಶನ್ ಕಡತ, ಪೇಜ್ ಫೈಲ್, ರಿಸ್ಟೋರ್ ಪಾಯಿಂಟ್‌ಗಳಂತಹ ಅಲುಗಾಡದ ಕಡತಗಳು ಡಿಸ್ಕಿನ ನಡುವೆಯೋ ಕೊನೆಯಲ್ಲೋ ಕುಳಿತಿರುವುದು ಇದಕ್ಕೆ ಕಾರಣ. ಹೈಬರ್ನೇಶನ್ನನ್ನೂ ಸಿಸ್ಟಂ ಪ್ರೊಟೆಕ್ಷನ್ನನ್ನೂ ತಾತ್ಕಾಲಿಕವಾಗಿ ಆಫ್ ಮಾಡಿ, ಪೇಜ್ ಫೈಲ್ ಬೇಡವೆಂದು ಆರಿಸಿ, ರಿಸ್ಟಾರ್ಟ್ ಮಾಡಿ ಮತ್ತೆ ಪ್ರಯತ್ನಿಸಿ. ಕುಗ್ಗಿಸಿದ ಮೇಲೆ ಪೇಜ್ ಫೈಲನ್ನೂ ಸಿಸ್ಟಂ ಪ್ರೊಟೆಕ್ಷನ್ನನ್ನೂ ಮರಳಿ ಆನ್ ಮಾಡಿ.

ಕುಗ್ಗಿಸಿದ ಜಾಗ ಕಪ್ಪು ಪಟ್ಟಿಯಡಿ ಅನ್‌ಅಲೊಕೇಟೆಡ್ ಎಂದು ಕಾಣುತ್ತದೆ. ಅದನ್ನು ಹಾಗೆಯೇ ಬಿಡಿ, ಅಲ್ಲಿ ಹೊಸ ವಾಲ್ಯೂಮ್ ಮಾಡಬೇಡಿ. ಲೆಗಸಿ ವಿಧಾನದ ಹಳೆಯ ಯಂತ್ರಗಳಲ್ಲಿ ಇನ್ನೊಂದು ತೊಡಕಿದೆ. ಎಂಬಿಆರ್ ಎಂಬ ಹಳೆಯ ವಿಭಜನಾ ಪದ್ಧತಿಯ ಅವುಗಳ ಡಿಸ್ಕಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಪ್ರೈಮರಿ ವಿಭಾಗಗಳು ಇರಲು ಬರುವುದಿಲ್ಲ. ಮಿತಿ ಮೀರಿದಾಗ ವಿಂಡೋಸ್ ಡೈನಾಮಿಕ್ ಡಿಸ್ಕ್ ಮಾಡಲೇ ಎಂದು ಕೇಳುತ್ತದೆ. ಅದಕ್ಕೆ ಒಪ್ಪಬೇಡಿ, ಒಪ್ಪಿದರೆ ಲಿನಕ್ಸ್ ಅನುಸ್ಥಾಪನೆಯ ದಾರಿ ಮುಚ್ಚಿದಂತೆಯೇ.

ಡಿಸ್ಕ್ ಕುಗ್ಗುತ್ತಿರುವಾಗ ಕರೆಂಟ್ ಹೋಗುವುದು ಈ ಇಡೀ ಕೆಲಸದಲ್ಲಿ ಒದಗಬಹುದಾದ ಅತಿ ಕೆಟ್ಟ ಗಳಿಗೆ. ಏಪ್ರಿಲ್–ಮೇ ತಿಂಗಳಲ್ಲಿ ಧಾರವಾಡದ ಕಡೆ ಮಧ್ಯಾಹ್ನ ಕಳೆದ ಮೇಲೆ ಗುಡುಗು ಮಳೆ ಬರುವುದು ಎಲ್ಲರಿಗೂ ಗೊತ್ತಿರುವುದೇ. ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದಿದ್ದರೆ ಬೆಳಗಿನ ಹೊತ್ತು ಆರಿಸಿಕೊಳ್ಳಿ, ಪತ್ರಿಕೆಯಲ್ಲಿ ಹೆಸ್ಕಾಂನ ವಿದ್ಯುತ್ ನಿಲುಗಡೆಯ ಪ್ರಕಟಣೆಯನ್ನೂ ನೋಡಿಕೊಳ್ಳಿ. ಲ್ಯಾಪ್‌ಟಾಪಾದರೆ ಬ್ಯಾಟರಿ ತುಂಬಿರಲಿ, ಚಾರ್ಜರೂ ಹಚ್ಚಿರಲಿ.

ಡೆಸ್ಕ್‌ಟಾಪ್ ಇರುವವರು ಒಂದು ಚಿಕ್ಕ ಎಸ್‌ಎಸ್‌ಡಿ ಕೊಂಡು ಲಿನಕ್ಸನ್ನು ಪೂರ್ತಿಯಾಗಿ ಅದಕ್ಕೇ ಹಾಕಿದರೆ ಈ ಕುಗ್ಗಿಸುವ ಗೋಜೇ ಇರುವುದಿಲ್ಲ. ಅನುಸ್ಥಾಪನೆಯ ಹೊತ್ತಿಗೆ ವಿಂಡೋಸ್ ಡಿಸ್ಕಿನ ಕೇಬಲ್ ಬಿಚ್ಚಿಟ್ಟರೆ ಅದಕ್ಕೆ ಅಪಾಯವೂ ಇಲ್ಲ.

ಪೆನ್‌ಡ್ರೈವ್ ತಯಾರಿ

ಮಿಂಟ್‌ನ ಅಧಿಕೃತ ತಾಣದಿಂದ ಐಎಸ್‌ಒ ಕಡತವನ್ನು, ಅಂದರೆ ಇಡೀ ಮಿಂಟ್ ಅಡಗಿರುವ ಒಂದೇ ಕಡತವನ್ನು, ಇಳಿಸಿಕೊಳ್ಳಿ. ಅದು ಸುಮಾರು 3 ಜಿಬಿ ಇರುವುದರಿಂದ ದಿನಕ್ಕೆ ಇಷ್ಟೇ ಎಂಬ ಮೊಬೈಲ್ ಡೇಟಾದಲ್ಲಿ ಮುಗಿಯುವುದು ಕಷ್ಟ, ಕಾಲೇಜಿನ ವೈಫೈ ಅಥವಾ ಗೆಳೆಯರ ಮನೆಯ ಫೈಬರ್ ಸಂಪರ್ಕ ಬಳಸಿ. 8 ಜಿಬಿಯ ಒಂದು ಪೆನ್‌ಡ್ರೈವ್ ಬೇಕು, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.

ರೂಫಸ್ ಎಂಬ ಉಚಿತ ತಂತ್ರಾಂಶ ತೆರೆದು, ಪೆನ್‌ಡ್ರೈವನ್ನೂ ಐಎಸ್‌ಒ ಕಡತವನ್ನೂ ಆರಿಸಿ. ಕಡತದ ಪಕ್ಕದಲ್ಲಿರುವ ಸಣ್ಣ ಟಿಕ್ ಗುರುತಿನ ಬಟನ್ ಒತ್ತಿದರೆ ಚೆಕ್‌ಸಮ್ ಬರುತ್ತದೆ. ಅದರಲ್ಲಿನ ಎಸ್‌ಎಚ್‌ಎ 256 ಸಾಲು ಮಿಂಟ್ ತಾಣದಲ್ಲಿ ಕೊಟ್ಟಿರುವುದಕ್ಕೆ ಅಕ್ಷರಶಃ ಹೊಂದಬೇಕು. ನಡುವೆ ಸಂಪರ್ಕ ಕಡಿದು ಅರೆಬರೆ ಇಳಿದ ಕಡತವನ್ನು ಪತ್ತೆ ಹಚ್ಚುವ ಉಪಾಯ ಇದೇ. ಯುಇಎಫ್‌ಐ ಯಂತ್ರವಾದರೆ ಪಾರ್ಟಿಶನ್ ಸ್ಕೀಮ್ ಎಂಬಲ್ಲಿ ಜಿಪಿಟಿ, ಲೆಗಸಿಯಾದರೆ ಎಂಬಿಆರ್ ಇರಿಸಿ ಸ್ಟಾರ್ಟ್ ಒತ್ತಿ. ನಡುವೆ ಯಾವ ವಿಧಾನದಲ್ಲಿ ಬರೆಯಲಿ ಎಂದು ಕೇಳಿದರೆ ಅದೇ ಶಿಫಾರಸು ಮಾಡುವ ಐಎಸ್‌ಒ ವಿಧಾನಕ್ಕೆ ಓಕೆ ಎನ್ನಿ.

ಪೆನ್‌ಡ್ರೈವಿನಿಂದ ಎಬ್ಬಿಸಿ, ಹಾಕುವ ಮೊದಲು ಪರೀಕ್ಷಿಸಿ

ವಿಂಡೋಸಿನಲ್ಲಿ ಶಿಫ್ಟ್ ಕೀ ಒತ್ತಿಹಿಡಿದು ರಿಸ್ಟಾರ್ಟ್ ಕ್ಲಿಕ್ ಮಾಡಿದರೆ ನೀಲಿ ಪರದೆ ಬರುತ್ತದೆ. ಅಲ್ಲಿ ಯೂಸ್ ಎ ಡಿವೈಸ್ ಆರಿಸಿ ಪೆನ್‌ಡ್ರೈವ್ ಹೆಸರನ್ನು ಒತ್ತಿ. ಆ ಆಯ್ಕೆ ಕಾಣದಿದ್ದರೆ ಕಂಪ್ಯೂಟರ್ ಆನ್ ಆಗುತ್ತಿದ್ದಂತೆ ಬೂಟ್ ಮೆನುವಿನ ಕೀಯನ್ನು ಬಿಟ್ಟು ಬಿಟ್ಟು ಒತ್ತಬೇಕು. ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್ 12, ಎಚ್‌ಪಿಯಲ್ಲಿ ಎಫ್ 9, ಏಸಸ್ ಲ್ಯಾಪ್‌ಟಾಪುಗಳಲ್ಲಿ ಎಸ್ಕೇಪ್. ಏಸರ್‌ನಲ್ಲಿಯೂ ಎಫ್ 12, ಆದರೆ ಮೊದಲು ಬಯಾಸ್‌ನಲ್ಲಿ ಆ ಮೆನುವನ್ನು ಎನೇಬಲ್ ಮಾಡಬೇಕಾಗಬಹುದು. ನಂಬಿಕೆಯ ಸಹಿ ಇಲ್ಲದ ವ್ಯವಸ್ಥೆ ಏಳದಂತೆ ತಡೆಯುವ ಸೆಕ್ಯೂರ್ ಬೂಟ್ ಅನ್ನು ಆಫ್ ಮಾಡುವ ಅಗತ್ಯ ಬಹುತೇಕ ಇಲ್ಲ, ಮಿಂಟ್ ಅದರೊಂದಿಗೇ ಏಳುತ್ತದೆ.

ಸ್ವಲ್ಪ ಹೊತ್ತಿನಲ್ಲಿ ಪೂರ್ಣ ಪ್ರಮಾಣದ ಮಿಂಟ್ ಪರದೆ ತೆರೆಯುತ್ತದೆ. ಇದು ಪೆನ್‌ಡ್ರೈವಿನಿಂದ ನಡೆಯುತ್ತಿರುವ ಲೈವ್ ವ್ಯವಸ್ಥೆ, ನಿಮ್ಮ ಡಿಸ್ಕನ್ನು ಇನ್ನೂ ಮುಟ್ಟಿಲ್ಲ. ಇಲ್ಲಿ ವೈಫೈ ಸಿಗುತ್ತಿದೆಯೇ, ಧ್ವನಿ ಬರುತ್ತಿದೆಯೇ, ಟಚ್‌ಪ್ಯಾಡ್, ಕ್ಯಾಮೆರಾ, ಪರದೆಯ ಬೆಳಕು ಏರಿಳಿಸುವ ಕೀಗಳು ಕೆಲಸ ಮಾಡುತ್ತಿವೆಯೇ ನಿಧಾನವಾಗಿ ನೋಡಿ. ವೈಫೈ ಕಾಣದಿದ್ದರೆ ಗಾಬರಿ ಬೇಡ. ಆಂಡ್ರಾಯ್ಡ್ ಮೊಬೈಲನ್ನು ಚಾರ್ಜಿಂಗ್ ಕೇಬಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಇಂಟರ್ನೆಟ್ ಬರುತ್ತದೆ, ಅನುಸ್ಥಾಪನೆಯಾದ ಮೇಲೆ ಡ್ರೈವರ್ ಮ್ಯಾನೇಜರ್‌ನಿಂದ ವೈಫೈ ಚಾಲಕವನ್ನು ಹಾಕಿಕೊಳ್ಳಬಹುದು.

ಡಿಸ್ಕೇ ಕಾಣದಿದ್ದರೆ ಕಾರಣ ಹೆಚ್ಚಾಗಿ ಇಂಟೆಲ್‌ನ ಆರ್‌ಎಸ್‌ಟಿ ಎಂಬ ಶೇಖರಣಾ ವಿಧಾನ. ಬಯಾಸ್‌ನಲ್ಲಿ ಅದನ್ನು ಎಎಚ್‌ಸಿಐಗೆ ಬದಲಿಸಬೇಕು, ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ. ಮೊದಲು ವಿಂಡೋಸಿನ ಸಿಸ್ಟಂ ಕಾನ್ಫಿಗರೇಶನ್‌ನ ಬೂಟ್ ಭಾಗದಲ್ಲಿ ಸೇಫ್ ಬೂಟ್ ಗುರುತು ಹಾಕಿ ರಿಸ್ಟಾರ್ಟ್ ಮಾಡಿ, ಹಾದಿಯಲ್ಲೇ ಬಯಾಸ್‌ಗೆ ಹೋಗಿ ಬದಲಾಯಿಸಿ, ವಿಂಡೋಸ್ ಸೇಫ್ ಮೋಡ್‌ನಲ್ಲಿ ಒಮ್ಮೆ ಎದ್ದ ಮೇಲೆ ಆ ಗುರುತನ್ನು ತೆಗೆದುಹಾಕಿ. ಸೇಫ್ ಮೋಡ್ ಪಿನ್ ಬದಲು ಖಾತೆಯ ಪಾಸ್‌ವರ್ಡ್ ಕೇಳಬಹುದಾದ್ದರಿಂದ ಅದನ್ನು ಮುಂಚೆಯೇ ನೆನಪು ಮಾಡಿಕೊಂಡಿರಿ.

ಅನುಸ್ಥಾಪನೆ

ಪರದೆಯ ಮೇಲಿನ ಇನ್‌ಸ್ಟಾಲ್ ಲಿನಕ್ಸ್ ಮಿಂಟ್ ಚಿಹ್ನೆಯನ್ನು ಒತ್ತಿ. ಭಾಷೆ ಸದ್ಯಕ್ಕೆ ಇಂಗ್ಲಿಷ್ ಇರಲಿ, ಕೀಬೋರ್ಡ್ ಇಂಗ್ಲಿಷ್ ಯುಎಸ್. ಮಲ್ಟಿಮೀಡಿಯಾ ಕೋಡೆಕ್‌ಗಳನ್ನು ಹಾಕಲೇ ಎಂಬುದಕ್ಕೆ ಟಿಕ್ ಮಾಡಿ. ಸೆಕ್ಯೂರ್ ಬೂಟ್ ಆನ್ ಇದ್ದರೆ ಆಗ ಒಂದು ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಮರೆಯಬೇಡಿ, ಮುಂದಿನ ಬೂಟ್‌ನಲ್ಲಿ ಒಮ್ಮೆ ಬೇಕಾಗುತ್ತದೆ.

ಇದಾದ ಮೇಲೆ ಬರುವ ಇನ್‌ಸ್ಟಲೇಶನ್ ಟೈಪ್ ಎಂಬ ಪರದೆಯಲ್ಲಿ ಕೈ ತಡೆಯಿರಿ. ಎರೇಸ್ ಡಿಸ್ಕ್ ಎಂದು ಆರಂಭವಾಗುವ ಆಯ್ಕೆ ವಿಂಡೋಸನ್ನೂ ನಿಮ್ಮ ಕಡತಗಳನ್ನೂ ಎಲ್ಲ ಡ್ರೈವ್‌ಗಳನ್ನೂ ಅಳಿಸುತ್ತದೆ. ಅದು ನಿಮಗಲ್ಲ. ವಿಂಡೋಸ್ ಬೂಟ್ ಮ್ಯಾನೇಜರ್ ಜೊತೆಗೆ ಹಾಕು ಎಂಬರ್ಥದ ಆಯ್ಕೆ ಕಂಡರೆ ಅದು ಸುಲಭದ ದಾರಿ. ನಾನು ಮಾತ್ರ ಸಮ್‌ಥಿಂಗ್ ಎಲ್ಸ್ ಆರಿಸಿಕೊಳ್ಳಿ ಎಂದೇ ಹೇಳುತ್ತೇನೆ, ಏಕೆಂದರೆ ಅಲ್ಲಿ ಏನು ನಡೆಯುತ್ತದೆಂಬುದು ಕಣ್ಣಿಗೆ ಕಾಣುತ್ತದೆ.

ಅಲ್ಲಿ ತೆರೆಯುವ ಪಟ್ಟಿಯನ್ನು ಮೊಬೈಲಿನ ಫೋಟೋದೊಂದಿಗೆ ಹೋಲಿಸಿ ನೋಡಿ. ಎನ್‌ಟಿಎಫ್‌ಎಸ್ ಎಂದಿರುವ ದೊಡ್ಡ ವಿಭಾಗ ನಿಮ್ಮ ಸಿ ಡ್ರೈವ್, ಇಎಫ್‌ಐ ಎಂದಿರುವ ಸಣ್ಣದು ಎರಡೂ ವ್ಯವಸ್ಥೆಗಳು ಹಂಚಿಕೊಳ್ಳುವ ಬೂಟ್ ವಿಭಾಗ. ಇವೆರಡರ ಸಾಲಿನಲ್ಲಿಯೂ ಫಾರ್ಮ್ಯಾಟ್ ಚೌಕದಲ್ಲಿ ಗುರುತು ಇರಲೇಬಾರದು. ಫ್ರೀ ಸ್ಪೇಸ್ ಎಂಬ ಸಾಲನ್ನು ಆರಿಸಿ ಕೆಳಗಿನ ಕೂಡಿಸುವ ಚಿಹ್ನೆಯನ್ನು ಒತ್ತಿ, ಗಾತ್ರ ಪೂರ್ತಿ ಇರಲಿ, ಬಗೆ ಇಎಕ್ಸ್‌ಟಿ 4 ಇರಲಿ, ಮೌಂಟ್ ಪಾಯಿಂಟ್ ಎಂಬಲ್ಲಿ ಒಂದು ಓರೆಗೆರೆ ಮಾತ್ರ ಆರಿಸಿ. ಆ ಓರೆಗೆರೆಯೇ ಲಿನಕ್ಸಿನ ಮೂಲ ಕೋಶ. ಸ್ವಾಪ್‌ಗೆಂದು ಪ್ರತ್ಯೇಕ ವಿಭಾಗ ಬೇಕಿಲ್ಲ, ಅದಕ್ಕೆ ಬೇಕಾದ ಕಡತವನ್ನು ಮಿಂಟ್ ತಾನೇ ಮಾಡಿಕೊಳ್ಳುತ್ತದೆ. ಕೆಳಗಿನ ಬೂಟ್ ಲೋಡರ್ ಸಾಲಿನಲ್ಲಿ ಪೆನ್‌ಡ್ರೈವ್ ಅಲ್ಲ, ಒಳಗಿನ ಮುಖ್ಯ ಡಿಸ್ಕ್ ಇರಬೇಕು.

ಇನ್‌ಸ್ಟಾಲ್ ನೌ ಒತ್ತಿದಾಗ ಯಾವ ವಿಭಾಗ ಫಾರ್ಮ್ಯಾಟ್ ಆಗುತ್ತದೆಂಬ ಕೊನೆಯ ಪಟ್ಟಿ ತೋರಿಸುತ್ತದೆ. ಅದರಲ್ಲಿ ಇಎಕ್ಸ್‌ಟಿ 4ರ ಒಂದೇ ಹೆಸರು ಇರಬೇಕು. ಬೇರೆ ಏನಾದರೂ ಇದ್ದರೆ ಗೋ ಬ್ಯಾಕ್ ಒತ್ತಿ. ಕಂಟಿನ್ಯೂ ಒತ್ತುವವರೆಗೆ ಡಿಸ್ಕಿಗೆ ಏನೂ ಆಗಿರುವುದಿಲ್ಲ. ಆಮೇಲೆ ಸಮಯವಲಯಕ್ಕೆ ಕೋಲ್ಕತ್ತ ಆರಿಸಿ, ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟರೆ ಉಳಿದದ್ದು ತಾನಾಗಿ ನಡೆಯುತ್ತದೆ. ಮುಗಿದ ಮೇಲೆ ಪೆನ್‌ಡ್ರೈವ್ ತೆಗೆಯಲು ಹೇಳಿದಾಗ ತೆಗೆದು ಎಂಟರ್ ಒತ್ತಿ.

ಮೊದಲ ಸಲ ಎದ್ದಾಗ

ಮೊದಲೇ ಪಾಸ್‌ವರ್ಡ್ ಕೊಟ್ಟಿದ್ದವರಿಗೆ ನೀಲಿ ಬಣ್ಣದ ಎಂಒಕೆ ಪರದೆ ಬರುತ್ತದೆ. ಎನ್‌ರೋಲ್ ಎಂಒಕೆ, ಕಂಟಿನ್ಯೂ, ಯೆಸ್ ಎಂದು ಮುಂದುವರಿದು ಆ ಪಾಸ್‌ವರ್ಡ್ ಹಾಕಿ ರೀಬೂಟ್ ಮಾಡಿ. ಬಳಿಕ ಗ್ರಬ್ ಎಂಬ ಮೆನುವಿನಲ್ಲಿ ಮಿಂಟ್ ಮೇಲೆ, ವಿಂಡೋಸ್ ಬೂಟ್ ಮ್ಯಾನೇಜರ್ ಕೆಳಗೆ ಕಾಣುತ್ತದೆ. ಎರಡನ್ನೂ ಒಮ್ಮೆಯಾದರೂ ತೆರೆದು ನೋಡಿ. ವಿಂಡೋಸಿನ ಹೆಸರು ಇಲ್ಲದಿದ್ದರೆ ಮಿಂಟ್‌ನ ಟರ್ಮಿನಲ್ ತೆರೆದು ಸುಡೊ ಅಪ್‌ಡೇಟ್-ಗ್ರಬ್ ಎಂಬ ಆದೇಶವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಕೊಡಿ, ಸಾಮಾನ್ಯವಾಗಿ ಅದು ವಿಂಡೋಸನ್ನು ಹುಡುಕಿ ಸೇರಿಸುತ್ತದೆ.

ಲಿನಕ್ಸ್ ಬಳಸಿ ವಿಂಡೋಸಿಗೆ ಮರಳಿದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗಿರುವುದನ್ನು ಕಂಡು ಅನೇಕರು ಯಂತ್ರ ಕೆಟ್ಟಿತೆಂದುಕೊಳ್ಳುತ್ತಾರೆ. ಸಂಜೆ 6 ಗಂಟೆಗೆ ವಿಂಡೋಸ್ ಮಧ್ಯಾಹ್ನ 12.30 ಎನ್ನುತ್ತದೆ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯವನ್ನು ಬರೆದಿಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ನಮ್ಮ ಸಮಯ ಜಾಗತಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ ಅಷ್ಟೇ ವ್ಯತ್ಯಾಸ ಬೀಳುತ್ತದೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ ದಿನಾಂಕವೇ ತಪ್ಪಿಹೋಗಬಹುದಾದ್ದರಿಂದ ಇದನ್ನು ಆವತ್ತೇ ಸರಿಪಡಿಸಿ. ಮಿಂಟ್‌ನ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1 ಎಂಬ ಆದೇಶವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಕೊಟ್ಟರೆ ಲಿನಕ್ಸೂ ಸ್ಥಳೀಯ ಸಮಯವನ್ನೇ ಬರೆಯತೊಡಗುತ್ತದೆ.

ಆಮೇಲೆ ಅಪ್‌ಡೇಟ್ ಮ್ಯಾನೇಜರ್ ನಡೆಸಿ, ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್, ಅಂದರೆ ಮುಂದೆ ತೊಂದರೆಯಾದರೆ ವ್ಯವಸ್ಥೆಯನ್ನು ಈಗಿನ ಸ್ಥಿತಿಗೆ ಮರಳಿಸುವ ಪ್ರತಿ, ತೆಗೆದಿಡಿ.

ಕನ್ನಡ ಬರಹಕ್ಕೆ

ಮೆನುವಿನ ಲ್ಯಾಂಗ್ವೇಜಸ್‌ನಲ್ಲಿ ಕನ್ನಡವನ್ನು ಸೇರಿಸಬಹುದು. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಬೇರೆ ಬೇರೆ ಭಾಷೆಗಳಲ್ಲಿ ಟೈಪ್ ಮಾಡಲು ನೆರವಾಗುವ ಐಬಸ್ ಮತ್ತು ಅದರ ಎಂ17ಎನ್ ಭಾಗವನ್ನು ಹುಡುಕಿ ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗೌಟ್ ಆಗಿ ಮರಳಿ ಬನ್ನಿ. ಐಬಸ್‌ನ ಪಟ್ಟಿಯಲ್ಲಿ ಕನ್ನಡದಡಿ ಕೆಜಿಪಿ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ವಿನ್ಯಾಸಗಳು ಸಿಗುತ್ತವೆ. ನುಡಿಯಲ್ಲಿ ಕೈ ಪಳಗಿದವರು ಕೆಜಿಪಿ ಆರಿಸಿದರೆ ಬೆರಳುಗಳಿಗೆ ಹೊಸದೇನೂ ಅನ್ನಿಸುವುದಿಲ್ಲ. ಗುಬ್ಬಿ, ನವಿಲು, ಲೋಹಿತ್ ಫಾಂಟುಗಳೂ ಉಚಿತವಾಗಿ ಸಿಗುತ್ತವೆ.

ನುಡಿಯ ಹಳೆಯ ಆಸ್ಕಿ ಫಾಂಟಿನ ಕಡತವನ್ನು ಮಿಂಟ್‌ನಲ್ಲಿರುವ ಲಿಬ್ರೆ ಆಫೀಸ್ ಎಂಬ ಬರಹದ ತಂತ್ರಾಂಶದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಕಡತ ಕೆಟ್ಟಿಲ್ಲ, ಅದು ಯುನಿಕೋಡ್‌ನಲ್ಲಿಲ್ಲ ಅಷ್ಟೇ. ಅಂಥವನ್ನು ವಿಂಡೋಸಿನಲ್ಲಿಯೇ ಯುನಿಕೋಡ್‌ಗೆ ಪರಿವರ್ತಿಸಿ ಡಿ ಡ್ರೈವಿನಲ್ಲಿಟ್ಟರೆ ಎರಡೂ ಕಡೆಯಿಂದ ಓದಲು ಬರುತ್ತದೆ.

ಮುಂದೆ ಬರಬಹುದಾದ ತೊಡಕುಗಳು

ವಿಂಡೋಸಿನ ದೊಡ್ಡ ಅಪ್‌ಡೇಟ್ ಆದ ಮೇಲೆ ಗ್ರಬ್ ಮೆನು ಬಾರದೆ ನೇರವಾಗಿ ವಿಂಡೋಸ್ ಏಳಬಹುದು. ಲಿನಕ್ಸ್ ಅಳಿಸಿಹೋಗಿರುವುದಿಲ್ಲ, ಬೂಟ್ ಕ್ರಮ ಬದಲಾಗಿರುತ್ತದೆ. ಬಯಾಸ್‌ನ ಬೂಟ್ ಆರ್ಡರ್‌ನಲ್ಲಿ ಉಬುಂಟು ಎಂಬ ಹೆಸರನ್ನು ಮೊದಲಿಗೆ ತನ್ನಿ. ನೀವು ಹಾಕಿದ್ದು ಮಿಂಟ್ ಆದರೂ ಅಲ್ಲಿ ಹೆಸರು ಹಾಗೆಯೇ ಇರುತ್ತದೆ. 2024ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ ಭದ್ರತಾ ಅಪ್‌ಡೇಟ್ ಒಂದರ ನಂತರ ಸೆಕ್ಯೂರ್ ಬೂಟ್ ಇದ್ದ ಹಲವು ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಏಳದೆ ಹೋಗಿತ್ತು. ಹಳೆಯ ಬೂಟ್ ಲೋಡರುಗಳನ್ನು ಅದು ತಡೆದದ್ದೇ ಕಾರಣ. ಲಿನಕ್ಸಿನ ಅಪ್‌ಡೇಟುಗಳನ್ನೂ ತಡಮಾಡದೆ ಹಾಕಿಕೊಳ್ಳಬೇಕೆಂದು ಹೇಳುವುದು ಇದಕ್ಕೇ.

ಲಿನಕ್ಸ್ ಬೇಡವೆನಿಸಿದರೆ ಅದರ ವಿಭಾಗವನ್ನು ಮೊದಲೇ ಡಿಲೀಟ್ ಮಾಡಬೇಡಿ. ಹಾಗೆ ಮಾಡಿದರೆ ಗ್ರಬ್ ತನ್ನ ಕಡತಗಳು ಸಿಗದೆ ಕಪ್ಪು ಪರದೆಯಲ್ಲಿ ನಿಂತುಬಿಡುತ್ತದೆ. ಬಯಾಸ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಅನ್ನು ಮೊದಲ ಸ್ಥಾನಕ್ಕೆ ತಂದು, ವಿಂಡೋಸ್ ಸರಿಯಾಗಿ ಏಳುವುದನ್ನು ನೋಡಿಕೊಂಡು, ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಲಿನಕ್ಸಿನ ವಿಭಾಗವನ್ನು ತೆಗೆದುಹಾಕಿ. ಸಿ ಡ್ರೈವಿನ ಬಲಕ್ಕೇ ಆ ಖಾಲಿ ಜಾಗವಿದ್ದರೆ ಎಕ್ಸ್‌ಟೆಂಡ್ ವಾಲ್ಯೂಮ್ ಒತ್ತಿ ಅದನ್ನು ಸಿ ಡ್ರೈವಿಗೆ ಮರಳಿ ಸೇರಿಸಿಕೊಳ್ಳಬಹುದು.